‘ನೌಕರರ ಮಕ್ಕಳು’ ಎಂದರೆ ಯಾರ ಮಕ್ಕಳು

ಮೂಡುಬಿದಿರೆಯಿಂದ ಮಿಜಾರಿನ ಕಡೆಗೆ ಹೋಗುವ ದಾರಿಯಲ್ಲಿ, ಪದವಿನ ಮೇಲೆ ನಮ್ಮ ಕಾಲೇಜು ಇತ್ತು. ಪದವು ಎಂದರೆ ಕೆಂಪುಕಲ್ಲಿನ ಬೋಳು ಬಯಲು. ಮಳೆಗಾಲದಲ್ಲಿ ಒಂದಿಷ್ಟು ಹುಲ್ಲು, ಉಳಿದ ಕಾಲವೆಲ್ಲ ಕಾದ ಕಾವಲಿ. ಅರುವತ್ತರ ದಶಕದ ನಡುವಿನ ಮಾತು ಇದು. ಕಾಲೇಜಿನಲ್ಲಿ ಆಗ ಒಂದು ವರ್ಷದ ಪಿ.ಯು.ಸಿ. ಮಾತ್ರ ಇತ್ತು. ಬರುವ ಜೂನಿನಿಂದ ಪದವಿ ತರಗತಿ ತೆರೆಯಬೇಕೆಂದು ಆಡಳಿತ ಮಂಡಳಿ ಅರ್ಜಿ ಹಾಕಿತ್ತು. ಮೈಸೂರು ವಿಶ್ವವಿದ್ಯಾಲಯದ ತನಿಖಾ ಸಮಿತಿ ಬಂದು ಪ್ರಯೋಗಾಲಯ, ಪುಸ್ತಕಾಲಯ, ಅಧ್ಯಾಪಕರು, ಆಟದ ಮೈದಾನ ಎಲ್ಲವನ್ನೂ ನೋಡಿ ಒಪ್ಪಿದರೆ ಮಾತ್ರ ಅನುಮತಿ. ನಾನು ಅಲ್ಲಿ ದೈಹಿಕ ಶಿಕ್ಷಣದ ಬೋಧಕ. ವಿದ್ಯಾರ್ಥಿಗಳ ಬಾಯಲ್ಲಿ ಡ್ರಿಲ್ ಮಾಸ್ಟ್ರು.

ಮಳೆ ಹಿಂದಾದ ಮೇಲೆ ಒಂದು ದಿನ ಆಡಳಿತ ಮಂಡಳಿಯ ಕಾರ್ಯದರ್ಶಿಗಳು ಬಂದು, ಕೊಡೆ ಬಿಡಿಸಿಕೊಂಡು ಪದವಿನ ನಡುವೆ ನಿಂತರು. ಅವರಿಗೆ ಬಂಟ್ವಾಳದಲ್ಲಿ ಅಕ್ಕಿಮಿಲ್ಲು ಇತ್ತು. ಕಾಲೇಜನ್ನು ಊರೂರು ತಿರುಗಿ ದೇಣಿಗೆ ಎತ್ತಿ ಕಟ್ಟಿದವರು ಅವರೇ.

“ಫೆಬ್ರವರಿಯಲ್ಲಿ ಕಮಿಟಿ ಬರ್ತದೆ ಮಾಸ್ಟ್ರೇ. ಅವರಿಗೆ ಇಲ್ಲಿ ಮೈದಾನ ಕಾಣಬೇಕು.”

“ಜಾಗ ಉಂಟು, ಮೈದಾನ ಇಲ್ಲ” ಎಂದೆ.

“ಅದಕ್ಕೇ ಅಲ್ವಾ ನೀವಿರುವುದು” ಎಂದು ಕೊಡೆ ಮಡಚಿ ಕಾರು ಹತ್ತಿದರು.

ಗುತ್ತಿಗೆದಾರನನ್ನು ಕರೆಸುವ ಮಾತೇ ಇರಲಿಲ್ಲ. ಶನಿವಾರಗಳಲ್ಲಿ ಶ್ರಮದಾನವೆಂದು ವಿದ್ಯಾರ್ಥಿಗಳು ಬರುತ್ತಿದ್ದರು. ಉಳಿದ ದಿನಗಳಲ್ಲಿ ನನ್ನ ಜೊತೆ ನಿಂತವರು ಮುಖ್ಯವಾಗಿ ಇಬ್ಬರು. ಒಬ್ಬರು ರಸಾಯನಶಾಸ್ತ್ರದ ಪ್ರಯೋಗಾಲಯದ ಅಟೆಂಡರ್, ಫರಂಗಿಪೇಟೆಯ ಬ್ಯಾರಿ. ನನಗಿಂತ ಸ್ವಲ್ಪ ಹಿರಿಯರು, ಬಾಯಿ ಚುರುಕು. ಇನ್ನೊಬ್ಬರು ಕಾಲೇಜು ಗುಡಿಸುವ ಹೆಂಗಸು. ಗಂಡ ತೀರಿಕೊಂಡಿದ್ದ, ಒಬ್ಬಳೇ ಮಗಳು. ನಾವೆಲ್ಲ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆವು. ಬೆಳಗಿನ ಕೆಲಸ ಮುಗಿಸಿ ಇಬ್ಬರೂ ಪದವಿನ ಕೆಲಸಕ್ಕೆ ಬರುತ್ತಿದ್ದರು. ಅದಕ್ಕೆಂದು ಅವರಿಗೆ ಹೆಚ್ಚಿನ ಸಂಬಳವೇನೂ ಇರಲಿಲ್ಲ.

ಪದವಿನ ತೆಂಕು ಬದಿ ಎತ್ತರ, ಬಡಗು ಬದಿ ತಗ್ಗು. ಎತ್ತರದ ಕಲ್ಲನ್ನು ಒಡೆದು ತಗ್ಗಿಗೆ ತುಂಬಬೇಕು. ಕೆಂಪುಕಲ್ಲು ನೆಲದೊಳಗೆ ತಂಪಾಗಿರುವಾಗ ಮೆದು, ಬಿಸಿಲಿಗೆ ಬಿದ್ದಷ್ಟೂ ಗಟ್ಟಿ. ಆದ್ದರಿಂದ ಮಳೆಯ ಪಸೆ ಆರುವ ಮೊದಲೇ ಆದಷ್ಟು ಒಡೆದು ಮುಗಿಸಬೇಕಿತ್ತು. ಹಾರೆ, ಪಿಕ್ಕಾಸು, ಬುಟ್ಟಿ ಇಷ್ಟೇ ನಮ್ಮ ಆಯುಧ. ಮಟ್ಟ ನೋಡಲು ಪ್ರಯೋಗಾಲಯದ ರಬ್ಬರ್ ಕೊಳವೆಗಳನ್ನು ಜೋಡಿಸಿ, ಎರಡು ಕೊನೆಗೂ ಗಾಜಿನ ನಳಿಗೆ ಸಿಕ್ಕಿಸಿ, ನೀರು ತುಂಬಿದೆವು. ಆ ಕೊನೆಯಲ್ಲಿ ಅಟೆಂಡರ್, ಈ ಕೊನೆಯಲ್ಲಿ ನಾನು. ಎರಡೂ ಕಡೆ ನೀರು ನಿಂತ ಎತ್ತರಕ್ಕೆ ಗೂಟದ ಮೇಲೆ ಗೆರೆ ಎಳೆದು, ಆ ಗೆರೆಯಿಂದ ಕೆಳಗೆ ನೆಲವನ್ನು ಅಳೆಯುತ್ತ ಹೋದೆವು.

ನವೆಂಬರಿನಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಬಂತು. ಎರಡು ದಿನ ಬಿಡದೆ ಹೊಡೆಯಿತು. ತಗ್ಗಿಗೆ ತುಂಬಿದ್ದ ಮಣ್ಣೆಲ್ಲ ಕುಸಿದು ಕೆಳಗಿನ ಗೇರುಮರಗಳ ಬುಡಕ್ಕೆ ಹೋಗಿ ಕೂತಿತು. ನಾನು ನೋಡುತ್ತ ನಿಂತಿದ್ದಾಗ ಅಕ್ಕ ಬುಟ್ಟಿ ಹಿಡಿದು ಕೆಳಗಿಳಿದರು. ಹಿಂದಿನಿಂದ ಅಟೆಂಡರ್, ಅವರ ಹಿಂದೆ ನಾನು. ಈ ಸಲ ಅಂಚಿಗೆ ದೊಡ್ಡ ಕಲ್ಲುಗಳ ಕಟ್ಟೆ ಕಟ್ಟಿ, ಮಣ್ಣನ್ನು ಒಂದೊಂದು ಪದರವಾಗಿ ಹಾಕಿ, ಬಾವಿಯಿಂದ ನೀರು ತಂದು ಚಿಮುಕಿಸಿ, ಮರದ ಕೊರಡಿನಿಂದ ಬಡಿದು, ಅದು ಕೂತ ಮೇಲೆ ಮುಂದಿನ ಪದರ ಹಾಕಿದೆವು. ರಸ್ತೆ ಕೆಲಸದವರಿಂದ ಕಲ್ಲಿನ ರೋಲರನ್ನು ಬೇಡಿ ತಂದು, ಹಗ್ಗ ಕಟ್ಟಿ ನಾವೇ ಎಳೆದೆವು. ನನ್ನ ಅಂಗೈ ಸಿಪ್ಪೆ ಸುಲಿದು ಸೀಟಿ ಹಿಡಿಯಲೂ ಉರಿಯುತ್ತಿತ್ತು.

ಹೀಗೆ ಮೈದಾನ ಅರ್ಧಕ್ಕೆ ಬಂದಿದ್ದಾಗ ಪ್ರಾಂಶುಪಾಲರು ಸಿಬ್ಬಂದಿಯ ಸಭೆ ಕರೆದರು. ಮುಂದಿನ ವರ್ಷದಿಂದ ಕಾಲೇಜಿನ ನೌಕರರ ಮಕ್ಕಳಿಗೆ ಇದೇ ಕಾಲೇಜಿನಲ್ಲಿ ಬೋಧನಾ ಶುಲ್ಕ ಪೂರ್ತಿ ಮಾಫಿ ಎಂದು ಆಡಳಿತ ಮಂಡಳಿ ನಿರ್ಧರಿಸಿದೆ ಎಂದು ಓದಿ ಹೇಳಿದರು. ನನ್ನ ಮಗಳು ಮೂಡುಬಿದಿರೆಯ ಹೈಸ್ಕೂಲಿನಲ್ಲಿ ಎಸ್ಸೆಸ್ಸೆಲ್ಸಿ ಓದುತ್ತಿದ್ದಳು. ಪಕ್ಕದ ಬೆಂಚಿನಲ್ಲಿ ಅಕ್ಕನ ಮಗಳು. ಇಬ್ಬರೂ ಒಟ್ಟಿಗೇ ಶಾಲೆಗೆ ಹೋಗಿ ಬರುತ್ತಿದ್ದವರು. ನನ್ನ ಸಂಬಳದಲ್ಲಿ ಮಗಳನ್ನು ಕಾಲೇಜಿಗೆ ಕಳಿಸುವ ಮಾತನ್ನು ನಾನೂ ನನ್ನ ಹೆಂಡತಿಯೂ ಅಲ್ಲಿಯ ತನಕ ಬಾಯಿಬಿಟ್ಟು ಆಡಿದ್ದೇ ಇಲ್ಲ.

ಸಭೆಗೆ ಚಹಾ ತಂದಿದ್ದ ಅಟೆಂಡರ್ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ನಾನು ಮೈದಾನಕ್ಕೆ ಹೋಗುವಷ್ಟರಲ್ಲಿ ಸುದ್ದಿ ಅಕ್ಕನಿಗೆ ತಲುಪಿತ್ತು. ಅವರು ತಲೆಯ ಮೇಲಿದ್ದ ಮಣ್ಣಿನ ಬುಟ್ಟಿಯನ್ನು ಇಳಿಸಿ, ಸೆರಗಿನಲ್ಲಿ ಮುಖ ಒರಸಿಕೊಂಡರು.

“ನನ್ನ ಮಗಳಿಗೂ ಉಂಟಾ ಮಾಸ್ಟ್ರೇ?”

“ನೀವು ನೌಕರರಲ್ವಾ ಅಕ್ಕ? ಉಂಟು” ಎಂದೆ.

ಅಟೆಂಡರ್ ನಕ್ಕರು. “ನನ್ನ ಮಕ್ಕಳು ಇನ್ನೂ ಅಆಇಈ. ಅವರು ಕಾಲೇಜಿಗೆ ಬರುವಾಗ ಈ ಮೈದಾನದಲ್ಲಿ ಹುಲ್ಲು ಬಂದಿರ್ತದೆ” ಎಂದರು.

ಆ ಸಂತೋಷ ಒಂದು ವಾರವೂ ಬಾಳಲಿಲ್ಲ. ಪ್ರಾಂಶುಪಾಲರು ನನ್ನನ್ನು ಕೋಣೆಗೆ ಕರೆಸಿದರು. ಮೃದು ಮನುಷ್ಯ, ಕಷ್ಟದ ಮಾತು ಹೇಳುವಾಗ ಕನ್ನಡಕ ತೆಗೆದು ಒರಸುವ ಅಭ್ಯಾಸ. ಅವತ್ತು ತುಂಬ ಹೊತ್ತು ಒರಸಿದರು.

“ನೌಕರರು ಅಂದ್ರೆ ಅಧ್ಯಾಪಕರು ಮಾತ್ರ ಅಂತ ಮಂಡಳಿಯ ಅಭಿಪ್ರಾಯ. ನೀವು ಆ ಹೆಂಗಸಿಗೆ ಎಂತದೋ ಹೇಳಿದ್ದೀರಂತೆ. ಅದು ಆಗ್ಲಿಕ್ಕಿಲ್ಲ.”

“ಓದಿ ಹೇಳುವಾಗ ಹಾಗೆ ಇರಲಿಲ್ಲವಲ್ಲ ಸರ್.”

“ಇರಲಿಲ್ಲ. ಈಗ ಉಂಟು.”

“ಹಾಗಾದ್ರೆ ನಾನು?”

ಅವರು ಕನ್ನಡಕ ಹಾಕಿಕೊಂಡರು. “ನಿಮ್ಮದು ಅಲ್ಲಿಯೂ ಅಲ್ಲ ಇಲ್ಲಿಯೂ ಅಲ್ಲ ಅನ್ನುವ ಹುದ್ದೆ. ಕಾರ್ಯದರ್ಶಿಗಳೇ ನಿಮ್ಮ ಹತ್ತಿರ ಮಾತಾಡ್ತಾರೆ.”

ನನ್ನ ಹುದ್ದೆಯ ಕಥೆ ಹಾಗೇ ಇತ್ತು. ಸಂಬಳದ ದಿನ ನಾನು ಗುಮಾಸ್ತರ ಸಾಲಿನಲ್ಲಿ. ವಾರ್ಷಿಕ ಫೋಟೋದಲ್ಲಿ ಅಧ್ಯಾಪಕರ ಹಿಂದಿನ ಸಾಲಿನ ತುದಿಯಲ್ಲಿ. ಅದರ ಬಗ್ಗೆ ಅಲ್ಲಿಯ ತನಕ ನಾನು ತಲೆ ಕೆಡಿಸಿಕೊಂಡವನಲ್ಲ.

ಕಾರ್ಯದರ್ಶಿಗಳು ಮೈದಾನಕ್ಕೇ ಬಂದರು. ಆ ಹೊತ್ತು ನಾನು ಓಟದ ಹಾದಿಯ ತಿರುವಿಗೆ ಗೆರೆ ಹಾಕುತ್ತಿದ್ದೆ. ನಾನೂರು ಮೀಟರಿನ ಹಾದಿ ಅಲ್ಲಿ ಕೂರುತ್ತಿರಲಿಲ್ಲ, ಇನ್ನೂರರದ್ದಕ್ಕೆ ಒಪ್ಪಿಕೊಂಡಿದ್ದೆ. ಎರಡು ಉದ್ದದ ಬದಿಗಳು, ಎರಡು ಅರ್ಧ ವೃತ್ತಗಳು. ನಡುವೆ ಗೂಟ ನೆಟ್ಟು, ಹಗ್ಗ ಕಟ್ಟಿ, ಇನ್ನೊಂದು ಕೊನೆಯಿಂದ ಸುತ್ತು ಎಳೆದರೆ ಅರ್ಧ ವೃತ್ತ. ಮೊದಲನೇ ಸಲ ತೆಂಗಿನ ನಾರಿನ ಹಗ್ಗದಲ್ಲಿ ಎಳೆದಿದ್ದೆ. ತಿರುವಿನ ಕೊನೆಗೂ ನೇರ ಗೆರೆಗೂ ನಡುವೆ ಒಂದು ಮೊಳ ಅಂತರ ಬಂತು. ಮಂಜಿಗೆ ನೆನೆದಾಗ ಒಂದು ಉದ್ದ, ಬಿಸಿಲಿಗೆ ಒಣಗಿದಾಗ ಇನ್ನೊಂದು ಉದ್ದ, ಅದರ ಮೇಲೆ ಎಳೆದಷ್ಟೂ ಜಗ್ಗುವ ಹಗ್ಗ ಅದು. ಈಗ ತಂತಿ ಹಿಡಿದು ಎಲ್ಲವನ್ನೂ ಮತ್ತೆ ಅಳೆಯುತ್ತಿದ್ದೆ.

“ನಿಮ್ಮನ್ನು ಅಧ್ಯಾಪಕ ವರ್ಗಕ್ಕೆ ಸೇರಿಸ್ತೇವೆ ಮಾಸ್ಟ್ರೇ” ಎಂದರು ಕಾರ್ಯದರ್ಶಿಗಳು. “ಕಮಿಟಿಗೂ ಅದು ಬೇಕು, ನಿಮಗೂ ಅನುಕೂಲ. ಮಗಳು ಧಾರಾಳ ಓದಲಿ.”

“ಅಕ್ಕನ ಮಗಳು?”

“ಗುಡಿಸುವವರ ಮಕ್ಕಳನ್ನೆಲ್ಲ ನಾನು ಓದಿಸ್ಲಿಕ್ಕೆ ಆಗ್ತದಾ? ನಿಮ್ಮದು ನೀವು ನೋಡಿಕೊಳ್ಳಿ.”

ಅಟೆಂಡರ್ ತಂತಿಯ ಆ ಕೊನೆಯಲ್ಲಿ ನಿಂತಿದ್ದರು. ಮಾತು ಅವರಿಗೆ ಕೇಳಿಸುತ್ತಿತ್ತು. ಕೇಳಿಸದವರ ಹಾಗೆ ನೆಲ ನೋಡುತ್ತಿದ್ದರು. ನನಗೆ ಸಿಟ್ಟು ಬಂದದ್ದು ಕಾರ್ಯದರ್ಶಿಗಳ ಮಾತಿನಿಂದಲ್ಲ. ನಾನು ಏನು ಹೇಳುತ್ತೇನೋ ಎಂದು ಆ ಮನುಷ್ಯ ತಲೆ ತಗ್ಗಿಸಿ ಕಾಯಬೇಕಾಯಿತಲ್ಲ, ಅದರಿಂದ.

“ನಾನು ಇವರ ಜೊತೆ ಕಲ್ಲು ಒಡೆದವ” ಎಂದೆ. “ಶುಲ್ಕದ ದಿವಸ ಮಾತ್ರ ಅಧ್ಯಾಪಕ ಆಗ್ಲಿಕ್ಕೆ ನನಗೆ ಬರುವುದಿಲ್ಲ. ಎಲ್ಲರಿಗೂ ಉಂಟಾದ್ರೆ ನನಗೂ ಇರಲಿ. ಇಲ್ಲದಿದ್ರೆ ನಾನು ಗುಮಾಸ್ತರ ಸಾಲಿನಲ್ಲೇ ಇರ್ತೇನೆ.”

“ಅಧ್ಯಾಪಕ ಅಲ್ಲದವನಿಗೆ ಸ್ಟಾಫ್ ರೂಮಿನಲ್ಲಿ ಎಂತ ಕೆಲಸ?”

“ಎಂತ ಕೆಲಸವೂ ಇಲ್ಲ” ಎಂದೆ.

ಮರುದಿನ ಬೆಳಿಗ್ಗೆ ಮೊದಲ ಗಂಟೆಗೂ ಮುಂಚೆ ಸ್ಟಾಫ್ ರೂಮಿನಿಂದ ನನ್ನ ಮೇಜು ಕುರ್ಚಿಯನ್ನು ಹೊರಗೆ ಎಳೆದೆ. ಆಟದ ಸಾಮಾನಿನ ಕೋಣೆಗೆ ಒಯ್ಯಬೇಕಿತ್ತು. ಉಪನ್ಯಾಸಕರು ಪತ್ರಿಕೆಯಲ್ಲಿ ಮುಖ ಇಟ್ಟುಕೊಂಡರು. ಗಣಿತದ ಉಪನ್ಯಾಸಕರು ಒಬ್ಬರೇ ಎದ್ದು ಬಂದು ಮೇಜಿನ ಇನ್ನೊಂದು ಬದಿ ಹಿಡಿದರು.

“ನನಗೆ ಇಬ್ಬರು ಗಂಡುಮಕ್ಕಳು ಮಾಸ್ಟ್ರೇ” ಎಂದರು ವರಾಂಡದಲ್ಲಿ ನಡೆಯುತ್ತ. “ನಾನು ಬಾಯಿ ಬಿಡ್ಲಿಕ್ಕಿಲ್ಲ. ಮೇಜು ಹಿಡೀತೇನೆ.”

ನಿಜ ಹೇಳುವ ಮನುಷ್ಯ. ಅವರ ಮೇಲೆ ನನಗೆ ಆಗಲೂ ಬೇಸರವಿರಲಿಲ್ಲ, ಈಗಲೂ ಇಲ್ಲ.

ಮನೆಯಲ್ಲಿ ಹೇಳುವುದು ಇದಕ್ಕಿಂತ ಕಷ್ಟವಾಯಿತು. ಹೆಂಡತಿ ಊಟ ಬಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

“ಅಕ್ಕನಿಗೆ ಮಾತು ಕೊಟ್ಟಿದ್ದೀರಿ, ಸರಿ. ನಮ್ಮ ಮಗಳಿಗೆ ಯಾರು ಕೊಡುವುದು ಮಾತು?”

ಮಗಳು ಬಾಗಿಲ ಹತ್ತಿರ ಕೂತಿದ್ದಳು. “ಅಪ್ಪನಿಗೆ ದೊಡ್ಡವರಾಗ್ಬೇಕು” ಎಂದಳು. “ಅದಕ್ಕೆ ನಾನು ಮನೆಯಲ್ಲಿ ಕೂರ್ಬೇಕು.”

ಎದ್ದು ಹೋದವಳು ಹಲವು ದಿನ ನನ್ನೊಡನೆ ಮಾತಾಡಲಿಲ್ಲ. ಅಕ್ಕನ ಮಗಳೊಡನೆ ಶಾಲೆಗೆ ಹೋಗುವುದನ್ನೂ ಬಿಟ್ಟಳು. ಇವಳು ಮುಂದೆ, ಅವಳು ಹಿಂದೆ, ಒಂದೇ ದಾರಿಯಲ್ಲಿ ಬೇರೆ ಬೇರೆ ಹೋಗುವುದನ್ನು ಪದವಿನ ಮೇಲಿನಿಂದ ನೋಡುತ್ತಿದ್ದೆ. ಹೋಗಿ ಒಪ್ಪಿಕೊಂಡುಬಿಡಲೇ ಎಂದು ಆ ದಿನಗಳಲ್ಲಿ ಅನಿಸಿದ್ದುಂಟು. ಒಂದು ಸಲ ಪ್ರಾಂಶುಪಾಲರ ಕೋಣೆಯ ಬಾಗಿಲ ತನಕ ಹೋದೆ. ಅಲ್ಲಿ ಅಕ್ಕ ಬಗ್ಗಿ ಮೆಟ್ಟಿಲು ಗುಡಿಸುತ್ತಿದ್ದರು. ನನಗೆ ದಾರಿ ಬಿಡಲು ಸರಿದು ನಿಂತರು. ನಾನು ತಿರುಗಿ ಮೈದಾನಕ್ಕೆ ಹೋದೆ.

ಫೆಬ್ರವರಿಯ ಹೊತ್ತಿಗೆ ಮೈದಾನ ಸಿದ್ಧವಾಯಿತು. ಗೆರೆ ಹಾಕಲು ನಮ್ಮೂರು ನರಿಕೊಂಬಿನ ಹೊಳೆಬದಿಯಿಂದ ಚಿಪ್ಪಿನ ಸುಣ್ಣ ತರಿಸಿದ್ದೆ. ಓಟದ ಉದ್ದವನ್ನು ಒಳಗೆರೆಯ ಮೇಲೆ ಅಳೆಯುವುದಿಲ್ಲ. ಅದರಿಂದ ಸುಮಾರು ಒಂದಡಿ ಹೊರಗೆ, ಓಡುವವನ ಕಾಲು ಬೀಳುವಲ್ಲಿ ಅಳೆಯಬೇಕು. ಅದನ್ನೂ ಎರಡೆರಡು ಸಲ ಅಳೆದು ನೋಡಿದೆ. ಯಾರು ಬಂದು ಅಳೆದರೂ ಒಂದು ಗೇಣು ವ್ಯತ್ಯಾಸ ಬರಬಾರದೆಂದು ನನ್ನ ಹಠ. ಕಾಲೇಜಿನ ಮೇಲೆ ಸಿಟ್ಟಿತ್ತು, ಮೈದಾನದ ಮೇಲೆ ಅದನ್ನು ತೀರಿಸಿಕೊಳ್ಳುವ ಮನಸ್ಸು ಬರಲಿಲ್ಲ.

ತನಿಖಾ ಸಮಿತಿಯವರು ಬಂದರು. ಪ್ರಯೋಗಾಲಯ, ಪುಸ್ತಕಾಲಯ ನೋಡಿ, ಎಳನೀರು ಕುಡಿದು, ಮೈದಾನಕ್ಕೆ ನಡೆದರು. ಅವರಲ್ಲಿ ಹಿರಿಯರು, ನರೆತ ಪ್ರಾಧ್ಯಾಪಕರು, ಬೂಟು ಹಾಕಿಕೊಂಡೇ ಒಂದು ತಿರುವಿನುದ್ದಕ್ಕೂ ನಡೆದು ನೋಡಿ ತಲೆದೂಗಿದರು.

“ಚೆನ್ನಾಗಿದೆ. ದೈಹಿಕ ಶಿಕ್ಷಣದವರು ಅಧ್ಯಾಪಕ ವರ್ಗದಲ್ಲಿ ಇದ್ದಾರೆ ಅಲ್ಲವೆ?”

“ಇದ್ದಾರೆ, ಇವರೇ” ಎಂದು ಕಾರ್ಯದರ್ಶಿಗಳು ನನ್ನನ್ನು ತೋರಿಸಿದರು.

“ಇಲ್ಲ ಸರ್” ಎಂದೆ ನಾನು.

ಎಲ್ಲರೂ ನಿಂತರು. ಪ್ರಾಂಶುಪಾಲರ ಕೈ ಕನ್ನಡಕಕ್ಕೆ ಹೋಯಿತು.

“ಸೇರಿಸ್ತೇವೆ ಅಂದ್ರು, ನಾನು ಒಪ್ಪಲಿಲ್ಲ” ಎಂದೆ. “ನೌಕರರ ಮಕ್ಕಳಿಗೆ ಶುಲ್ಕ ಮಾಫಿ ಅಂತ ಓದಿ ಹೇಳಿದ್ರು. ಆಮೇಲೆ ಅಧ್ಯಾಪಕರಿಗೆ ಮಾತ್ರ ಅಂದ್ರು. ಈ ಮೈದಾನ ಮಾಡಿದವರಲ್ಲಿ ನನಗೊಬ್ಬನಿಗೆ ಕೊಟ್ಟು ಉಳಿದವರನ್ನು ಬಿಡುವುದಾದ್ರೆ ನನಗೆ ಆ ವರ್ಗ ಬೇಡ.”

ಆ ಹಿರಿಯರು ನನ್ನ ಪರ ನಾಲ್ಕು ಮಾತು ಆಡಿಯಾರು ಎಂದು ನನ್ನ ಮನಸ್ಸು ಆಸೆಪಟ್ಟಿತ್ತು. ಆಡಲಿಲ್ಲ.

“ಶುಲ್ಕ ನಿಮ್ಮ ಮಂಡಳಿಯ ವಿಷಯ, ನಮಗೆ ಸಂಬಂಧವಿಲ್ಲ” ಎಂದರು. ಮತ್ತೆ ಕಾರ್ಯದರ್ಶಿಗಳ ಕಡೆ ತಿರುಗಿ, “ಆದರೆ ಇವರು ಯಾವ ವರ್ಗ ಎನ್ನುವುದನ್ನು ತೀರ್ಮಾನ ಮಾಡಿ, ಇವರ ಒಪ್ಪಿಗೆಯೊಂದಿಗೆ ತಿಳಿಸಿ. ಅದು ಬರುವವರೆಗೆ ನಮ್ಮ ವರದಿ ಮುಂದಕ್ಕೆ ಹೋಗುವುದಿಲ್ಲ” ಎಂದರು.

ಕೆಲವು ದಿನಗಳ ಮೇಲೆ ಬಂಟ್ವಾಳದಿಂದ ಬುಲಾವು ಬಂತು. ಅಟೆಂಡರನ್ನೂ ಕರೆದುಕೊಂಡು ಬನ್ನಿ ಎಂದಿದ್ದರು. ಸಿದ್ಧಕಟ್ಟೆಯ ಮೇಲಾಗಿ ಹೋಗುವ ಬಸ್ಸಿನಲ್ಲಿ ಇಬ್ಬರೂ ಹೋದೆವು. ಮಿಲ್ಲಿನಲ್ಲಿ ಭತ್ತ ಬೇಯಿಸಿದ ವಾಸನೆ, ಅಂಗಳದ ತುಂಬ ಹಬೆಯಾಡುವ ಭತ್ತ. ಕಾರ್ಯದರ್ಶಿಗಳು ಕಚೇರಿಯಲ್ಲಿ ಕೂರಿಸಿ ಕಾಫಿ ತರಿಸಿದರು. ಬೈಯುತ್ತಾರೆಂದು ನಾವು ಸಿದ್ಧರಾಗಿ ಹೋಗಿದ್ದೆವು. ಅವರು ಬೈಯಲಿಲ್ಲ.

“ನಾನು ಓದಿದ್ದು ಐದನೇ ಕ್ಲಾಸು” ಎಂದರು. “ಕಂಡವರ ಜಗಲಿಯಲ್ಲಿ ಕೂತು ದೇಣಿಗೆ ಕೇಳಿ ಆ ಕಾಲೇಜು ಕಟ್ಟಿದ್ದು. ಮೈಸೂರಿನವರ ಎದುರು ನೀವು ನನ್ನ ಮರ್ಯಾದೆ ತೆಗೆದ್ರಿ ಮಾಸ್ಟ್ರೇ.”

“ನಿಮ್ಮ ಮರ್ಯಾದೆ ತೆಗೆಯುವ ಮನಸ್ಸು ನನಗಿರಲಿಲ್ಲ. ನಮ್ಮದು ಉಳೀಬೇಕಿತ್ತು.”

“ಇವತ್ತು ಗುಡಿಸುವವರಿಗೆ ಕೊಟ್ರೆ ನಾಳೆ ಕ್ಯಾಂಟೀನಿನವ ಬರ್ತಾನೆ.”

“ಬರಲಿ” ಎಂದೆ. “ಮಕ್ಕಳನ್ನು ಓದ್ಲಿಕ್ಕೆ ಕರ್ಕೊಂಡು ಬರುವುದಲ್ವಾ? ಕಳ್ಳತನಕ್ಕೆ ಅಲ್ವಲ್ಲ.”

“ನಿಮ್ಮನ್ನು ಕೆಲಸದಿಂದ ತೆಗೀಬಹುದು ನಾನು.”

“ತೆಗೀಬಹುದು. ನನ್ನನ್ನು ತೆಗೆದು ಬೇರೆಯವರನ್ನು ತಂದು ಮೈಸೂರಿಗೆ ಬರೆದ್ರೆ, ಮೊದಲಿನವ ಎಲ್ಲಿ ಅಂತ ಕೇಳಿಯೇ ಕೇಳ್ತಾರೆ.”

ಅವರು ಕಿಟಕಿಯಾಚೆ ಭತ್ತ ಕೆದಕುವ ಹೆಂಗಸರನ್ನು ನೋಡುತ್ತ ಕೂತರು. ಆಮೇಲೆ ಮೇಜಿನ ಮೇಲೆ ಕೈಯಿಟ್ಟು, “ಆಯ್ತು. ಕಾಲೇಜಿನ ಎಲ್ಲ ಖಾಯಂ ನೌಕರರ ಮಕ್ಕಳಿಗೆ ಮಾಫಿ. ನಿಮಗೂ ಉಂಟು, ಇವರಿಗೂ ಉಂಟು. ಮುಗೀತಲ್ಲ?” ಎಂದರು.

ಕಾಫಿ ಲೋಟಕ್ಕೆ ಕೈ ಹಾಕಿದೆ. ಆಗ ಅಟೆಂಡರ್, ಬಂದಾಗಿನಿಂದ ಒಂದು ಮಾತೂ ಆಡದಿದ್ದವರು, ತಮ್ಮ ಲೋಟವನ್ನು ನಿಧಾನವಾಗಿ ಕೆಳಗಿಟ್ಟರು.

“ಅಕ್ಕ ದಿನಗೂಲಿ ಅಲ್ವಾ ಧಣಿಗಳೇ? ಖಾಯಂ ಅಂದ್ರೆ ಅವರು ಹೊರಗೆ.”

ಕಾರ್ಯದರ್ಶಿಗಳು ಮತ್ತೆ ಕಿಟಕಿಯ ಕಡೆ ತಿರುಗಿದರು. ಆ ಒಂದು ಪದವನ್ನು ಅವರು ಬಾಯಿತಪ್ಪಿ ಹೇಳಿದ್ದಲ್ಲ ಎಂದು ನಮಗಿಬ್ಬರಿಗೂ ಗೊತ್ತಾಯಿತು.

“ನಿಮಗೆ ಸಿಗ್ತದೆ ಮಾರಾಯ” ಎಂದರು ಅಟೆಂಡರಿಗೆ. “ನಿನ್ನ ಮಕ್ಕಳು ಮುಂದೆ ಓದ್ಲಿಕ್ಕಿದ್ದಾರೆ.” ಬಹುವಚನದಿಂದ ಏಕವಚನಕ್ಕೆ ಒಂದೇ ಉಸಿರಿನಲ್ಲಿ ಇಳಿದಿದ್ದರು.

ಅಟೆಂಡರ್ ನನ್ನ ಕಡೆ ನೋಡಿದರು. ಕೆಲಸ ಕೈಗೂಡಿದಂತಾಗಿತ್ತು. ನನ್ನ ಮಗಳ ಓದು, ಈ ಮನುಷ್ಯನ ಮಕ್ಕಳ ಓದು, ಪದವಿ ತರಗತಿ ಎಲ್ಲವೂ ನನ್ನ ಒಂದು ‘ಹೂಂ’ ದೂರದಲ್ಲಿತ್ತು. ಬಿಟ್ಟುಹೋಗುವುದು ಒಬ್ಬರೇ. ಆ ಒಬ್ಬರಿಗೇ ನಾನು ‘ಉಂಟು’ ಎಂದಿದ್ದೆ.

“ಹೋಗುವ” ಎಂದೆ ಅಟೆಂಡರಿಗೆ. ಅವರು ನನಗಿಂತ ಮೊದಲೇ ಎದ್ದು ನಿಂತಿದ್ದರು.

ಬಸ್ಸು ಸಿದ್ಧಕಟ್ಟೆ ದಾಟಿತು. ಆಗ ಅಟೆಂಡರ್ ಹೇಳಿದರು: “ಕಾಫಿಯಾದ್ರೂ ಪೂರ್ತಿ ಕುಡೀಬಹುದಿತ್ತು ಮಾಸ್ಟ್ರೇ.”

ಮಾರ್ಚಿನಲ್ಲಿ ಪ್ರಾಂಶುಪಾಲರು ನಮ್ಮ ಬಾಡಿಗೆ ಮನೆಗೇ ಬಂದರು. ವರದಿ ನಿಂತೇ ಇದೆ. ಅನುಮತಿ ಬಾರದಿದ್ದರೆ ಈ ಊರಿನ ಮಕ್ಕಳು ಪದವಿಗೆ ಮಂಗಳೂರಿಗೆ ಹೋಗಬೇಕು, ಹೋಗಲಾಗದವರು ಓದು ಬಿಡಬೇಕು ಎಂದರು. “ಒಬ್ಬಳಿಗಾಗಿ ಅಷ್ಟು ಜನಕ್ಕೆ ತೊಂದರೆ ಮಾಡುವುದು ಸರಿಯಾ?” ಎಂದು ಕೇಳಿದರು. ಆ ಪ್ರಶ್ನೆ ನನ್ನನ್ನು ತುಂಬ ನೋಯಿಸಿತು.

ಉತ್ತರ ಕೊಟ್ಟದ್ದು ನನ್ನ ಹೆಂಡತಿ. ಒಳಗಿನಿಂದ ಮಜ್ಜಿಗೆ ತಂದವಳು, “ಆ ಒಬ್ಬಳನ್ನು ಸೇರಿಸಿದ್ರೆ ಯಾರಿಗೆ ತೊಂದರೆ ಆಗ್ತದೆ ಸರ್?” ಎಂದಳು. ಪ್ರಾಂಶುಪಾಲರು ಮಜ್ಜಿಗೆ ಕುಡಿದು, ಕನ್ನಡಕ ಒರಸಿ, ಎದ್ದು ಹೋದರು. ಅವಳು ನನ್ನ ಪರವಾಗಿ ಆಡಿದ ಮೊದಲ ಮಾತು ಅದು. “ನಿಮಗೋಸ್ಕರ ಹೇಳಿದ್ದಲ್ಲ” ಎಂದೂ ಸೇರಿಸಿದಳು.

ಇಷ್ಟೆಲ್ಲ ನಡೆಯುವಾಗ ಅಕ್ಕ ಒಂದು ದಿನವೂ ಏನೂ ಕೇಳಿರಲಿಲ್ಲ. ಖಾಯಂ ಎಂಬ ಪದದ ಕಥೆಯನ್ನು ಅಟೆಂಡರೇ ಹೇಳಿದ್ದರು. ಕೇಳಿಸಿಕೊಂಡು ಬಾವಿಯ ಕಡೆ ಹೋಗಿದ್ದರಂತೆ. ಏಪ್ರಿಲಿನಲ್ಲಿ ಪಿ.ಯು.ಸಿ. ಪರೀಕ್ಷೆ ಬಂತು. ನಮ್ಮ ಕಾಲೇಜೇ ಕೇಂದ್ರ. ಪರೀಕ್ಷೆಯ ಉಸ್ತುವಾರಿಗೆ ಹೊರಗಿನವರು ಬರುವವರಿದ್ದರು. ಪರೀಕ್ಷೆಯ ಮುನ್ನಾದಿನ ಅಕ್ಕ ಬರಲಿಲ್ಲ. ಬೇಸಿಗೆಯ ಗಾಳಿಗೆ ಪದವಿನ ಕೆಂಪು ಧೂಳು ಕೋಣೆಗಳೊಳಗೆ ಬೆಂಚಿನ ಮೇಲೆಲ್ಲ ಕೂತಿತ್ತು. ಪ್ರಾಂಶುಪಾಲರು ಜವಾನನನ್ನು ಮನೆಗೆ ಕಳಿಸಿದರು. ಅವನು ಅಕ್ಕನ ಮಾತನ್ನು ಹಾಗೇ ಹೊತ್ತು ತಂದ:

“ಖಾಯಂ ಅಲ್ಲದವಳು ಒಂದು ದಿನ ಬರ್ತಾಳೆ, ಒಂದು ದಿನ ಬರುವುದಿಲ್ಲ ಅಂತ ಹೇಳು.”

ಜವಾನನಿಗೆ ಗುಡಿಸಲು ಹೇಳಿದರು. ಅವನು ಸೊಂಟ ನೋವೆಂದ. ಅಟೆಂಡರಿಗೆ ಹೇಳಿದರು, ಪ್ರಯೋಗಾಲಯದ ಕೆಲಸವೇ ಮುಗಿದಿಲ್ಲವೆಂದರು. ಯಾರೂ ಮೊದಲೇ ಮಾತಾಡಿಕೊಂಡಿರಲಿಲ್ಲ. ಸಂಜೆಯ ಹೊತ್ತು ಪ್ರಾಂಶುಪಾಲರೇ ಪಂಚೆ ಎತ್ತಿ ಕಟ್ಟಿ ಪೊರಕೆ ಹಿಡಿದದ್ದನ್ನು ಆಟದ ಸಾಮಾನಿನ ಕೋಣೆಯಿಂದ ನೋಡಿದೆ. ಒಂದು ಕೋಣೆ ಗುಡಿಸಿ ಎರಡನೆಯದಕ್ಕೆ ಬರುವಷ್ಟರಲ್ಲಿ ಕೆಮ್ಮು ಹತ್ತಿತು. ಗಣಿತದ ಉಪನ್ಯಾಸಕರು ಹೋಗಿ ಇನ್ನೊಂದು ಪೊರಕೆ ತೆಗೆದುಕೊಂಡರು. ನನಗೂ ಹೋಗಿ ಸಹಾಯ ಮಾಡಬೇಕೆನಿಸಿತು. ಹೋಗಲಿಲ್ಲ.

ಪೊರಕೆ ಗೋಡೆಗೆ ಒರಗಿಸಿ ಪ್ರಾಂಶುಪಾಲರು ಸೀದಾ ಬಸ್ ನಿಲ್ದಾಣಕ್ಕೆ ನಡೆದು ಬಂಟ್ವಾಳದ ಬಸ್ಸು ಹತ್ತಿದರು. ಮಿಲ್ಲಿನಲ್ಲಿ ಏನು ಮಾತಾಯಿತೋ ನನಗೆ ಗೊತ್ತಿಲ್ಲ. ಅಂಥ ಮೃದು ಮನುಷ್ಯ ಅವತ್ತು ಕಾರ್ಯದರ್ಶಿಗಳ ಮೇಜು ಗುದ್ದಿದರೆಂದು ಮಿಲ್ಲಿನ ಲೆಕ್ಕ ಬರೆಯುವ ರೈಟರ್ ಆಮೇಲೆ ಹೇಳಿಕೊಂಡು ತಿರುಗಿದ. ಮರುದಿನ ಬೆಳಕು ಹರಿಯುವ ಮೊದಲೇ ಅವರು ಅಕ್ಕನ ಮನೆಗೆ ಹೋಗಿ, ಖಾಯಂ ಮಾಡಿಸುತ್ತೇನೆ, ನನ್ನ ಮಾತು ಎಂದರಂತೆ. ಅಕ್ಕ ಬಂದು ಪರೀಕ್ಷೆಯ ಹೊತ್ತಿಗೆ ಎಲ್ಲ ಕೋಣೆಗಳನ್ನೂ ಗುಡಿಸಿ ಮುಗಿಸಿದರು. ಪರೀಕ್ಷೆ ಮುಗಿದ ವಾರ ಆದೇಶ ಕೈಗೆ ಬಂತು: ಅಕ್ಕನ ನೌಕರಿ ಖಾಯಂ, ಖಾಯಂ ನೌಕರರೆಲ್ಲರ ಮಕ್ಕಳಿಗೂ ಶುಲ್ಕ ಮಾಫಿ. ನಾನು ಅಧ್ಯಾಪಕ ವರ್ಗಕ್ಕೆ ಸೇರಲು ಒಪ್ಪಿಗೆ ಬರೆದುಕೊಟ್ಟೆ. ಪದವಿ ತರಗತಿಗೆ ಅನುಮತಿಯೂ ಬಂತು.

ಜೂನಿನಲ್ಲಿ ಇಬ್ಬರು ಹುಡುಗಿಯರೂ ಪಿ.ಯು.ಸಿ.ಗೆ ಸೇರಿದರು. ಮೊದಲ ದಿನ ಮಳೆ. ಒಂದೇ ಕೊಡೆಯಲ್ಲಿ ಇಬ್ಬರೂ ಪದವು ಹತ್ತಿ ಬಂದರು. ಅವರಿಬ್ಬರ ನಡುವೆ ಯಾವಾಗ ರಾಜಿಯಾಯಿತೋ ನನಗೆ ಯಾರೂ ಹೇಳಲಿಲ್ಲ.

ಕಾರ್ಯದರ್ಶಿಗಳು ಕೊಟ್ಟ ಮಾತಿಗೆ ತಪ್ಪಲಿಲ್ಲ; ಆ ನಿಯಮವನ್ನು ಮತ್ತೆ ಮುಟ್ಟಲಿಲ್ಲ. ನನ್ನನ್ನು ಮಾತ್ರ ಮರೆಯಲೂ ಇಲ್ಲ. ಹೊಸ ವರ್ಗಕ್ಕೆ ಸೇರಿಸಿದಾಗ ನನ್ನನ್ನು ಪರೀಕ್ಷಾರ್ಥವಾಗಿ ತೆಗೆದುಕೊಂಡಿದ್ದರು. ಒಂದು ವರ್ಷ ತುಂಬುತ್ತಿದ್ದಂತೆ, ಸೇವೆ ತೃಪ್ತಿಕರವಾಗಿಲ್ಲದ ಕಾರಣ ಮುಂದುವರಿಸಲಾಗದು ಎಂಬ ಎರಡು ಸಾಲು ಬಂತು. ಅನ್ಯಾಯವೆಂದು ಕೂಗಾಡಲಿಲ್ಲ. ಪಡೆದದ್ದಕ್ಕೆ ಬೆಲೆ ಕೊಡಬೇಕಲ್ಲ ಎಂದುಕೊಂಡೆ. ಬೆಳ್ತಂಗಡಿಯ ಹೈಸ್ಕೂಲೊಂದರಲ್ಲಿ ಡ್ರಿಲ್ ಮಾಸ್ಟ್ರ ಕೆಲಸ ಸಿಕ್ಕಿತು. ಸಂಬಳ ಕಡಿಮೆ. ಹೆಂಡತಿಯೂ ಮಗಳೂ ಮೂಡುಬಿದಿರೆಯಲ್ಲೇ ಉಳಿದರು. ನಾನು ವಾರಕ್ಕೊಮ್ಮೆ ವೇಣೂರಿನ ಮೇಲಾಗಿ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ.

ಆ ನಿಯಮ ಈಗ ನನ್ನ ಮಗಳಿಗೆ ಅನ್ವಯಿಸುತ್ತಿರಲಿಲ್ಲ. ನಾನು ಆ ಕಾಲೇಜಿನ ನೌಕರನಲ್ಲ. ಅವಳು ಪದವಿ ತರಗತಿಗೆ ಸೇರಬೇಕಾದ ಜೂನು ಹತ್ತಿರ ಬಂದಾಗ ನಾನು, “ಟೀಚರ್ ಟ್ರೈನಿಂಗಿಗೆ ಹೋಗ್ತೀಯಾ ಮಗಾ?” ಎಂದು ಕೇಳಿದೆ.

“ಇಲ್ಲ” ಎಂದಳು. “ಅಲ್ಲಿಯೇ ಓದ್ತೇನೆ. ಶುಲ್ಕ ಕಟ್ಟಿಯೇ ಓದ್ತೇನೆ.”

ತಾಯಿ ಮಗಳು ಉಳಿದ ಬೇಸಿಗೆಯಿಡೀ ಬೀಡಿ ಕಟ್ಟಿದರು. ನಮ್ಮ ಓಣಿಯಲ್ಲಿ ಬೀಡಿಯೆಲೆಯ ಮೊರ ಮಡಿಲಲ್ಲಿಟ್ಟುಕೊಂಡು ಕೂರದ ಮನೆಯೇ ಇರಲಿಲ್ಲ. ಈಗ ನಮ್ಮದೂ ಸೇರಿತು. ಎಲೆ ಕತ್ತರಿಸುವುದನ್ನು ಅಕ್ಕನ ಮಗಳು ಬಂದು ಕಲಿಸಿಕೊಟ್ಟಳು. ಮಗಳ ಬೆರಳ ತುದಿಗೆ ತಂಬಾಕಿನ ಬಣ್ಣ ಹತ್ತಿತು.

ಸೇರುವ ದಿನ ನಾನು ರಜೆ ಹಾಕಿ ಬಂದಿದ್ದೆ. ಕಚೇರಿಯ ಕಿಟಕಿಯೆದುರು ಸಾಲು. ಅಕ್ಕನ ಮಗಳು ಮುಂದೆ, ನನ್ನ ಮಗಳು ಹಿಂದೆ. ಅಕ್ಕನ ಮಗಳ ಹೆಸರು ಬರೆದುಕೊಂಡು ಗುಮಾಸ್ತರು, “ನಿನಗೆ ಬೋಧನಾ ಶುಲ್ಕ ಇಲ್ಲ, ಹೋಗು” ಎಂದರು. ನನ್ನ ಮಗಳು ಕಿಟಕಿಗೆ ಬಂದಳು. ಅವತ್ತು ಕಾರ್ಯದರ್ಶಿಗಳೂ ಬಂದು ಒಳಗೆ ಕೂತಿದ್ದರು. ನನ್ನನ್ನು ಕಂಡು ಎದ್ದು ಹೊರಗೆ ಬಂದರು. ಮೊದಲಿಗಿಂತ ಇಳಿದುಹೋಗಿದ್ದರು, ಕೋಲು ಹಿಡಿದಿದ್ದರು.

“ಮಾಸ್ಟ್ರೇ, ಆದದ್ದು ಆಯ್ತು” ಎಂದರು. ದನಿಯಲ್ಲಿ ಕೊಂಕು ಇರಲಿಲ್ಲ. “ಇವಳಿಗೂ ಶುಲ್ಕ ಬಿಟ್ಟುಕೊಡುವ. ನಾನು ಹೇಳಿದ್ರೆ ಆಗ್ತದೆ. ನೀವು ಬಾಯಿಬಿಟ್ಟು ಒಂದು ಮಾತು ಕೇಳಿದ್ರೆ ಸಾಕು.”

ಮಗಳು ಅಷ್ಟರಲ್ಲಿ ಸೆರಗಿನ ಗಂಟು ಬಿಚ್ಚಿ, ಹಣವನ್ನು ಕಿಟಕಿಯೊಳಗೆ ಸರಿಸಿದ್ದಳು. ಕಾರ್ಯದರ್ಶಿಗಳ ಕಡೆ ತಿರುಗಿಯೂ ನೋಡಲಿಲ್ಲ.

“ರಶೀದಿ ಕೊಡಿ” ಎಂದಳು ಗುಮಾಸ್ತರಿಗೆ.